ಕಾಗೆ ಮುಟ್ಟದ ಅನ್ನ

ಆ ಬೆಟ್ಟಕ್ಕೆ ಅಮ್ಮನನ್ನು ಕರೆದುಕೊಂಡು ಹೋದದ್ದು ಭಕ್ತಿಯಿಂದಲ್ಲ, ಊಟಕ್ಕಾಗಿ. ಜಪಾನ್ ಪ್ರವಾಸದಲ್ಲಿ ಮೀನಿನ ಸೋಂಕಿಲ್ಲದ ಊಟ ಹುಡುಕಿ ಹುಡುಕಿ ನನಗೆ ಸಾಕಾಗಿತ್ತು. ಕೋಯಾಸಾನ್ ಬೌದ್ಧರ ಪವಿತ್ರ ಬೆಟ್ಟ, ಅಲ್ಲಿನ ಮಠಗಳಲ್ಲಿ ಉಳಿದುಕೊಳ್ಳಬಹುದು, ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ ಎಂದು ಗೊತ್ತಾದದ್ದೇ ತಡ, ರೂಮು ಬುಕ್ ಮಾಡಿದೆ.

ಅಮ್ಮನ ಊಟವೇ ಆ ವರ್ಷ ನಮ್ಮ ಮನೆಯ ದೊಡ್ಡ ಚಿಂತೆ. ಅಪ್ಪ ಹೋದಾಗ ಮೈಸೂರಿನಲ್ಲಿ ಇಟ್ಟ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಕಾದು ಕಾದು ಕೊನೆಗೆ ಹಸುವಿಗೆ ತಿನ್ನಿಸಿ ಶಾಸ್ತ್ರ ಮುಗಿಸಿದರು. ಅಪ್ಪನಿಗೆ ಏನೋ ಆಸೆ ಉಳಿದಿದೆ ಎಂಬುದು ಅಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಹೊರದೇಶದಲ್ಲಿ ನಾನಿರುವ ಎಜುಕೇಶನ್ ಹಿಲ್‌ನ ನಮ್ಮ ಮನೆಗೆ ಬಂದ ಮೇಲೆ ದಿನಾ ಮಧ್ಯಾಹ್ನ ಹಿತ್ತಿಲ ಕಡೆಯ, ಮರದ ಜಗಲಿಯಂಥ ಡೆಕ್ಕಿನ ಮೇಲೆ ಅನ್ನ ಇಟ್ಟು, ಗಾಜಿನ ಬಾಗಿಲ ಹಿಂದೆ ಕಾಯುತ್ತಿದ್ದಳು. ಕಾಗೆ ತಿಂದರೆ ಊಟ, ಇಲ್ಲದಿದ್ದರೆ ಒಂದು ಲೋಟ ಮಜ್ಜಿಗೆ. ನಮ್ಮಲ್ಲಿ ಕಾಗೆಗಳಿಗೇನೂ ಬರವಿಲ್ಲ. ಆದರೆ ಎಷ್ಟೋ ದಿನ ಅಳಿಲು ಮೊದಲೇ ಬಂದು ಬಾಚಿಕೊಂಡು ಹೋಗುತ್ತಿತ್ತು. ಅಮ್ಮ ಸೊರಗಿ ಕಡ್ಡಿಯಾದಳು. ನನಗೆ ಅಳಿಲಿನ ಮೇಲೂ ಸಿಟ್ಟು, ಹೋದ ಅಪ್ಪನ ಮೇಲೂ ಸಿಟ್ಟು.

ಬೆಟ್ಟದಲ್ಲಿ ನೋಡಬೇಕಾದ ಜಾಗ ಸ್ಮಶಾನ ಎಂದಾಗ ಅಮ್ಮ ಮುಖ ಸಿಂಡರಿಸಿದಳು. ಆದರೂ ಒಳಗೆ ಕಾಲಿಟ್ಟೆವು. ನಮ್ಮ ಮನೆಯ ಸುತ್ತ ಮುಗಿಲೆತ್ತರದ ಸೀಡರ್ ಮರಗಳನ್ನು ದಿನಾ ಕಾಣುವ ನನಗೂ ಆ ಮರಗಳ ಕೆಳಗೆ ತಲೆ ಎತ್ತಲು ಅಳುಕಾಯಿತು. ಅವುಗಳ ಬುಡದಲ್ಲಿ ಕಣ್ಣು ಹಾಯುವಷ್ಟು ದೂರ ಪಾಚಿ ಹಿಡಿದ ಗೋರಿಗಳು. ಅಮ್ಮ ಶೂ ಬಿಚ್ಚಲು ಹೊರಟಳು. ಚಳಿಯಿದೆ ಎಂದು ತಡೆದೆ.

ಕೊನೆಯಲ್ಲಿ ಒಂದು ಸೇತುವೆ, ಅದರಾಚೆ ಆ ಬೆಟ್ಟದ ಗುರುಗಳ ಸಮಾಧಿ. ಅವರು ಸತ್ತಿಲ್ಲ, ಸಾವಿರಕ್ಕೂ ಹೆಚ್ಚು ವರ್ಷದಿಂದ ಒಳಗೆ ಧ್ಯಾನದಲ್ಲಿ ಕೂತಿದ್ದಾರೆ ಎಂಬುದು ಅಲ್ಲಿಯವರ ನಂಬಿಕೆ. ಮಂತ್ರಾಲಯ ಕಂಡ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ಹಿರಿಯ ಸನ್ಯಾಸಿಯೊಬ್ಬರು ಬಂದರು. ಅವರ ಹಿಂದೆ ಇನ್ನಿಬ್ಬರು ಮರದ ಪೆಟ್ಟಿಗೆಯೊಂದನ್ನು ಹೊತ್ತಿದ್ದರು. ಅದು ಗುರುಗಳ ಊಟ. ದಿನಾ ಹೀಗೇ ಒಯ್ಯುತ್ತಾರೆ. ಸುತ್ತಲಿದ್ದವರೆಲ್ಲ ತಲೆ ಬಾಗಿಸಿದರು. ದೇವರು ದಿಂಡರು ಎಂದರೆ ಮೂಗು ಮುರಿಯುವ ನಾನು ಯಾವಾಗ ಕೈ ಮುಗಿದೆನೋ ತಿಳಿಯದು.

“ಊಟ ಮಾಡಿದ್ರೋ ಇಲ್ವೋ ಅಂತ ಯಾರು ನೋಡ್ತಾರೆ?” ಅಮ್ಮ ಪಿಸುಗುಟ್ಟಿದಳು.

“ಒಳಗೆ ಹೋಗೋರು ಏನ್ ಕಂಡ್ರು ಅಂತ ಯಾರಿಗೂ ಹೇಳೋ ಹಾಗಿಲ್ವಂತಮ್ಮ. ದಿನಾ ತಂದಿಡೋದಷ್ಟೇ.”

“ಇಷ್ಟು ವರ್ಷಾನೂ?”

“ಇಷ್ಟು ವರ್ಷಾನೂ.”

ಪೆಟ್ಟಿಗೆ ಮರೆಯಾದ ಮೇಲೂ ಅಮ್ಮ ಅತ್ತಲೇ ನೋಡುತ್ತ ಬಹಳ ಹೊತ್ತು ನಿಂತಳು.

ಮನೆಗೆ ಮರಳಿದ ಮಾರನೆಯ ಮಧ್ಯಾಹ್ನ ಎಂದಿನಂತೆ ಡೆಕ್ಕಿಗೆ ಹೋಗಿ ಅನ್ನ ಇಟ್ಟಳು. “ಬಿಸಿ ಇದೆ, ನೋಡ್ಕೊಂಡು ತಿನ್ನಿ,” ಅಂದಳು. ಆಮೇಲೆ ಒಳಗೆ ಬಂದು, ಗಾಜಿನ ಬಾಗಿಲಿಗೆ ಬೆನ್ನು ಹಾಕಿ ಕೂತು ನನ್ನತ್ತ ತಟ್ಟೆ ಸರಿಸಿದಳು.

“ನಂಗೂ ಬಡಿಸು.”

ಅವಳ ಬೆನ್ನ ಹಿಂದೆ ಅಳಿಲು ಬಂದದ್ದು ನನಗೆ ಕಾಣುತ್ತಿತ್ತು. ಅವಳ ತಟ್ಟೆಗೆ ಅನ್ನ ಬಡಿಸಿ ಮೇಲೆ ಸಾರು ಹಾಕಿದೆ.