ಮೇಲಿನ ಕೋಣೆಯ ಕಂಪ್ಯೂಟರ್

ಸತ್ತವರು ಸುಳಿಯುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಈಗಲೂ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಗುಬ್ಬಿಯಲ್ಲಿ ನನ್ನದೂ ತಮ್ಮ ಪ್ರಸನ್ನನದೂ ಸೇರಿ ಒಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡುಗಳನ್ನು ಅವನು ಮೇಲಿನ ಕೋಣೆಯಲ್ಲಿ ಕೂತು ಮಾಡುತ್ತಿದ್ದ. ನಾನು ಕೆಳಗೆ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದೆ. ಅಚ್ಚು ಮಾತ್ರ ತುಮಕೂರಿನಲ್ಲಿ. ನನಗೆ ಮಂಡಿನೋವು. ಒಂದು ಬುಧವಾರ ಅವನು ಎರಡೂ ಕಂಪ್ಯೂಟರುಗಳಿಗೆ ಕೇಬಲ್ ಎಳೆದು, ಮೇಲಿನದರ ಪರದೆ ಕೆಳಗಿನದರಲ್ಲಿ ತೆರೆಯುವಂತೆ ಮಾಡಿದ.

“ಇನ್ಮೇಲೆ ಮೆಟ್ಲು ಹತ್ಬೇಡ ಕಣಕ್ಕ. ಆದ್ರೆ ನೆನಪಿರ್ಲಿ, ಒಂದ್ಸಲಕ್ಕೆ ಒಬ್ರೇ. ನಾನು ಮೇಲೆ ಪಾಸ್‌ವರ್ಡ್ ಹೊಡೆದು ಕೂತ್ರೆ ನೀನು ಔಟು.”

“ಪಾಸ್‌ವರ್ಡ್ ಏನ್ಲಾ?”

“ನಿಂಗ್ಯಾಕೆ? ಇಲ್ಲಿ ಸೇವ್ ಮಾಡಿದೀನಿ, ತಾನೇ ತಗೊಳ್ಳುತ್ತೆ. ನಿಂಗೆ ಹೇಳಿದ್ರೆ ಗುಬ್ಬಿಗೆಲ್ಲ ಹೇಳ್ದಂಗೆ.”

ಇಬ್ಬರೂ ನಕ್ಕೆವು. ಮಾರನೆಯ ದಿನ ಅಮೃತೂರಿಗೆ ಕಾರ್ಡು ಕೊಟ್ಟು ಬರುವಾಗ ಕುಣಿಗಲ್ ಹತ್ತಿರ ಅವನ ಬೈಕಿಗೆ ಲಾರಿ ತಾಗಿತು. ಸಂಜೆ ಅವನ ದೇಹ ಮನೆಗೆ ಬಂತು.

ಊರಿನವರಿಗೆಲ್ಲ ಶಿವಗಣಾರಾಧನೆಯ ಕಾರ್ಡು ಮಾಡಿಕೊಟ್ಟವನಿಗೆ ಈಗ ನಾನು ಮಾಡಬೇಕಿತ್ತು. ಫೋಟೊ ಎಂದರೆ ಅವನು ಮುಖ ತಿರುಗಿಸುತ್ತಿದ್ದ. ನಕ್ಕದ್ದು ಒಂದೇ ಇತ್ತು, ಗೂಳೂರಿನಲ್ಲಿ ತೆಗೆದದ್ದು. ಅದೂ ಮೇಲಿನ ಕಂಪ್ಯೂಟರಿನಲ್ಲಿ. “ಆ ನಗ್ತಿರೋದೇ ಹಾಕವ್ವ,” ಎಂದಿದ್ದಳು ಅಮ್ಮ. “ಬಂದೋರು ನನ್ ಮಗನ್ ನಗು ನೋಡ್ಲಿ.”

ಮಣ್ಣು ಮಾಡಿದ ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಲೆ ಹೋಗಿ ಕಂಪ್ಯೂಟರ್ ಆನ್ ಮಾಡಿದೆ. ಪಾಸ್‌ವರ್ಡ್ ಕೇಳಿತು. ಹಾಗೆಯೇ ಬಿಟ್ಟು, ಕೋಣೆಗೆ ಬೀಗ ಹಾಕಿ ಕೆಳಗೆ ಬಂದೆ. ಕೆಳಗಿನದರಿಂದ ಸುಲಭವಾಗಿ ತೆರೆಯಿತು. ಫೋಟೊ ಸಿಕ್ಕಿತು. ಬಹಳ ಹೊತ್ತು ನೋಡುತ್ತ ಕೂತೆ. ಅದನ್ನು ಕೆಳಗಿನ ಕಂಪ್ಯೂಟರಿಗೆ ತರುತ್ತಿದ್ದಾಗ ಪರದೆ ಮುಚ್ಚಿಹೋಯಿತು. ಆ ಕಂಪ್ಯೂಟರಿಗೆ ಇನ್ನೊಬ್ಬರು ಬಂದಿರುವುದರಿಂದ ನಿಮ್ಮ ಸಂಪರ್ಕ ಕಡಿದಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

ಮೇಲೆ ಹೋದೆ. ಬೀಗ ಹಾಕಿದಂತೆಯೇ ಇತ್ತು. ಕೀ ನನ್ನ ಕೈಯಲ್ಲಿ. ತೆಗೆದು ನೋಡಿದರೆ ಒಳಗೆ ಯಾರೂ ಇಲ್ಲ. ಆದರೆ ಪಾಸ್‌ವರ್ಡ್ ಕೇಳುತ್ತಿರಬೇಕಾದ ಪರದೆ ತೆರೆದುಕೊಂಡಿತ್ತು. ಫೋಲ್ಡರಿನಲ್ಲಿ ಉಳಿದವೆಲ್ಲ ಇದ್ದವು, ಆ ಫೋಟೊ ಇರಲಿಲ್ಲ. ಕೆಳಗಿನದಕ್ಕೂ ಬಂದಿರಲಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ರಂಗಸ್ವಾಮಿ, ಪ್ರಸನ್ನನ ಗೆಳೆಯ, ಸಂಜೆಯವರೆಗೂ ಹುಡುಕಿದ. “ಕಾಪಿ ಮಾಡಿದ್ರಾ, ಕಟ್ ಮಾಡಿದ್ರಾ ಅಕ್ಕ?” ನನಗೆ ನೆನಪಿರಲಿಲ್ಲ. ಕಟ್ ಮಾಡಿದ್ದರೆ ನಡುವೆ ಕಳೆದಿರಬಹುದು ಎಂದ. ಪರದೆ ತೆರೆದವರು ಯಾರು ಎಂದು ಕೇಳಿದಾಗ ಕೆಳಗಿನದರಲ್ಲಿ ಬಂದಿದ್ದ ಇಂಗ್ಲಿಷ್ ಸಾಲನ್ನು ಮತ್ತೊಮ್ಮೆ ಓದಿದ. “ಲೈನ್ ಹೋದ್ರೆ ಈ ಮೆಸೇಜ್ ಬರಲ್ಲ. ಯಾರಾದ್ರೂ ಮೇಲೆ ಕೂತ್ಕಂಡು ಪಾಸ್‌ವರ್ಡ್ ಹೊಡೀಬೇಕು. ಅದು ಅವನೊಬ್ನಿಗೇ ಗೊತ್ತಿದ್ದಿದ್ದು.”

ಅಮ್ಮನಿಗೆ ಹೇಳಿದೆ. ಅವಳು ಅಳಲಿಲ್ಲ. “ಬುಡವ್ವ, ಫೋಟೊ ಅಂದ್ರೆ ಅವ್ನು ಯಾವತ್ತು ಒಪ್ಪಿದ್ದ,” ಎಂದಳು. ನನಗೆ ಅಷ್ಟು ಸುಲಭವಾಗಿ ಬಿಡಲಾಗಲಿಲ್ಲ. ಬಂದವನು ಅವನೇ ಆದರೆ, ‘ಅಕ್ಕ’ ಎಂದು ಒಂದು ಸಲ ಕೂಗದೆ ಹೋದನೇ? ಅವನಲ್ಲವಾದರೆ ಆ ಕುರ್ಚಿಯಲ್ಲಿ ಕೂತದ್ದು ಯಾರು? ವರ್ಷಗಳಾದವು, ಈಗಲೂ ಎರಡನ್ನೂ ಕೇಳಿಕೊಳ್ಳುತ್ತೇನೆ.

ಕಾರ್ಡು ಫೋಟೊ ಇಲ್ಲದೆ ಅಚ್ಚಾಯಿತು. ಆ ಫೋಟೊ ಇನ್ನೂ ಸಿಕ್ಕಿಲ್ಲ.