ಆರಿದ ಒಲೆಯ ಪಕ್ಕದ ಡ್ರಮ್ಮು

ಅಕ್ಕ ಸಾಯುವ ಹಿಂದಿನ ದಿನ ಬೆಳಿಗ್ಗೆ, ನೀಲಗಿರಿಯ ನಮ್ಮ ಹಟ್ಟಿ ಇತ್ತಲಾರಿನಲ್ಲಿ ಕಾಫಿ ಲೋಟ ಹಿಡಿದ ಕೈಯೂ ನಡುಗುವಷ್ಟು ಚಳಿ. ಅವಳು ಒಲೆಯ ಪಕ್ಕದ ನೀಲಿ ಡ್ರಮ್ಮಿಗೆ ಹಳೆಯ ಕಂಬಳಿ ಸುತ್ತುತ್ತಿದ್ದಳು. ಒಳಗೆ ಬೆಲ್ಲದ ನೀರು. ಅದರಲ್ಲಿ ಕ್ಯಾರೆಟ್ ಕೊಳೆಯದಂತೆ ಕಾಯುವ ಬ್ಯಾಕ್ಟೀರಿಯಾ. ಹಟ್ಟಿಯ ಅರ್ಧ ಹೊಲಗಳಿಗೆ ಅದು ಹೋಗುತ್ತಿದ್ದದ್ದು ಅವಳ ಅಡುಗೆಮನೆಯಿಂದಲೇ.

“ಇದೂ ನಿನ್ನ ಹಂಗೇ ತಂಗಿ, ಚಳಿಯಾದರೆ ಏಳೋದೇ ಇಲ್ಲೆ,” ಎಂದಳು.

ಬೆಚ್ಚಗಿದ್ದರೆ ಅವು ಬೆಳೆದು, ರೋಗದ ಬೂಷ್ಟನ್ನು ಕರಗಿಸುವ ಕಿಣ್ವ ಬಿಡುತ್ತವೆ. ಬೆಲ್ಲ ಮುಗಿದ ಮೇಲೆ ಒಂದೊಂದೂ ಗಟ್ಟಿ ಚಿಪ್ಪು ಕಟ್ಟಿಕೊಂಡು ಬೀಜಕವಾಗುತ್ತದೆ. ಆಮೇಲೆ ಚಳಿಗೂ ಸೆಕೆಗೂ ಸುಲಭಕ್ಕೆ ಸಾಯುವುದಿಲ್ಲ. ಊಟಿಯ ತರಬೇತಿಯಲ್ಲಿ ಅವಳು ಕಲಿತದ್ದು ಇಷ್ಟು. “ಇನ್ನು ಮೂರು ದಿನ ಕಿಚ್ಚು ಆರಬಾರದು, ಅಷ್ಟೇ.”

ಮರುದಿನ ಚಹಾ ತೋಟದ ದಾರಿಯಲ್ಲಿ ಅವಳ ಎದೆಬಡಿತ ನಿಂತುಹೋಯಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು. ಹಚ್ಚಲಿಲ್ಲ. ಮೂರು ದಿನ ನೆರೆಮನೆಗಳಿಂದ ಅನ್ನ ಬಂತು, ಅದಕ್ಕಿಂತ ಹೆಚ್ಚಾಗಿ ಬುದ್ಧಿಮಾತು ಬಂತು. ಡ್ರಮ್ಮನ್ನು ಪಕ್ಕದ ಮನೆಯ ಒಲೆಯ ಹತ್ತಿರ ಇಡಿಸಿ ಎಂದು ಸೋದರಮಾವನನ್ನು ಕೇಳಿದೆ. ಅಕ್ಕ ಹೋಗಿರುವಾಗ ನಿನಗೆ ಡ್ರಮ್ಮಿನ ಚಿಂತೆಯೇ ಎಂದು ಎಲ್ಲರ ಮುಂದೆ ಗದರಿದರು. ಅಳುತ್ತಿದ್ದವರೂ ಅಳು ನಿಲ್ಲಿಸಿ ನನ್ನನ್ನು ನೋಡಿದರು. ಅವಳ ಕೈಯಿಂದ ಆದ ಕೊನೆಯ ಕೆಲಸ ಅದೊಂದೇ ಉಳಿದಿತ್ತು.

ನಾಲ್ಕನೆಯ ದಿನ ಅದೇ ಮಾವ ಬಂದರು.

“ಏನಮ್ಮಾ, ನನ್ನ ಕ್ಯಾರೆಟ್ಟಿಗೆ ಎರಡು ಕ್ಯಾನ್ ಬೇಕಲ್ಲ?”

“ತಣ್ಣಗಾಗಿದೆ ಮಾಮ.”

“ತಣ್ಣಗಾದರೆ ಬಿಸಿ ಮಾಡು. ಇದಕ್ಕೂ ಊಟಿಗೆ ಹೋಗಿ ಓದಬೇಕಾ?”

ನೆಂಟರ ಸ್ನಾನಕ್ಕೆ ನೀರು ಕಾಯಿಸಿದ್ದ ಕರೆಂಟ್ ರಾಡನ್ನು ತಾವೇ ತಂದು ಡ್ರಮ್ಮಿಗೆ ಇಳಿಬಿಟ್ಟರು. ಹಬೆ ಎದ್ದಿತು. ದೊಡ್ಡವರಿಗೆ ಎದುರಾಡದ ಒಳ್ಳೆಯ ಹುಡುಗಿ ಎಂಬ ಹೆಸರು ನನಗೆ ಮೊದಲಿನಿಂದಲೂ ಇದೆ.

ಡ್ರಮ್ಮಿನಿಂದ ನಾನು ತುಂಬಿ ಒಯ್ದ ಒಂದು ಸೀಸೆಯನ್ನು ತರಬೇತಿ ಕೇಂದ್ರದ ಮೇಡಂ ಪರೀಕ್ಷಿಸಿ ಹೇಳಿದರು: “ಚಳಿಗೆ ಬೆಳೆಯೋದು ನಿಂತಿದೆ. ಚಿಪ್ಪು ಕಟ್ಟೋ ಮೊದಲೇ ಬೇಯಿಸಿಬಿಟ್ಟಿದ್ದೀರ. ಕಿಣ್ವವೂ ಕೆಟ್ಟಿದೆ.”

ಮಾವ ಒಪ್ಪಲಿಲ್ಲ. ವಾಸನೆ ಸರಿಯಾಗಿಯೇ ಇದೆ ಎಂದು ಡ್ರಮ್ಮನ್ನೇ ಬಗ್ಗಿಸಿ, ಅಷ್ಟನ್ನೂ ತಮ್ಮ ಹೊಲಕ್ಕೆ ಒಯ್ದರು.

ಮೇಡಂ ಕೊಟ್ಟ ಹೊಸ ಪೊಟ್ಟಣದಿಂದ ಈಗ ನಾನೇ ಮಾಡುತ್ತೇನೆ. ಯಾರ ಹೊಲಕ್ಕೂ ಕೊರತೆಯಿಲ್ಲ. ಅಕ್ಕ ಬೆಳೆಸಿದ್ದು ಮಾತ್ರ ಮನೆಯಲ್ಲಿ ಒಂದು ಹನಿಯೂ ಇಲ್ಲ.