ಹೊಲಿಗೆ ಮೇಡಂ ಮತ್ತು ಎರಡನೇ ಪಿನ್ನು

ಹೋದ ವಾರ ಅಮ್ಮ ತನ್ನ ಟ್ರಂಕು ತೆಗೆದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ ಇನ್ನೊಂದು... ಮಗ್ಗದಿಂದ ಇಳಿಸಿ ಇನ್ನೂ ನೀರು ಕಾಣದ ಸೀರೆಗೆ ಇರುತ್ತದಲ್ಲ, ಜರಿ, ನೂಲು, ಮಗ್ಗದ ಎಣ್ಣೆ ಎಲ್ಲ ಸೇರಿದ ಒಣ ವಾಸನೆ, ಅದು. ನನ್ನ ಮಗಳು ಈಗ ಹತ್ತನೇ ತರಗತಿ. ಶಾಲೆಯ ಬೀಳ್ಕೊಡುಗೆಗೆ ಹುಡುಗಿಯರೆಲ್ಲ ಸೀರೆ ಉಡಬೇಕೆಂದು ಮಾತಾಗಿದೆಯಂತೆ. ಅಜ್ಜಿಯನ್ನು ಕೇಳಿದ್ದಾಳೆ. ಅಜ್ಜಿ ಟ್ರಂಕಿನ ತಳಕ್ಕೆ ಕೈ ಹಾಕಿ ನವಿಲು ಬಣ್ಣದ ಸೀರೆಯೊಂದನ್ನು ಎಳೆದು ತೆಗೆದಿದ್ದಾಳೆ. ಅಡುಗೆಮನೆಯ ಬಾಗಿಲಿಗೆ ಬಂದವಳು ನಾನು ಅಲ್ಲೇ ನಿಂತುಬಿಟ್ಟೆ. ಆ ಸೀರೆ ನಮ್ಮ ಮನೆಯಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅದನ್ನು ನೋಡಿದೊಡನೆ ಕಣ್ಣಮುಂದೆ ಬಂದವರು ನಮ್ಮ ಹೊಲಿಗೆ ಮೇಡಂ.

ದೊಡ್ಡಬಳ್ಳಾಪುರದ ನಮ್ಮ ಹೈಸ್ಕೂಲಿನಲ್ಲಿ ಅವರು ಹುಡುಗಿಯರಿಗೆ ವಾರಕ್ಕೆರಡು ಪಿರಿಯಡ್ ಹೊಲಿಗೆ ಹೇಳಿಕೊಡುತ್ತಿದ್ದರು. ಕೊರಳಲ್ಲಿ ಹಳದಿ ಟೇಪು, ಕನ್ನಡಕದ ಮೇಲಿಂದ ನೋಡುವ ಕಣ್ಣು. ಎದುರಿಗೆ ಯಾರೇ ಬರಲಿ, ಮುಖಕ್ಕಿಂತ ಮೊದಲು ಬಟ್ಟೆ ನೋಡುತ್ತಿದ್ದರು. ಹೆಡ್‌ಮಾಸ್ಟರ ತೋಳಿನ ಗುಂಡಿಯನ್ನೂ ಮುಟ್ಟಿ, ಇದನ್ನು ಯಾರು ಹಾಕಿದ್ದು ಎಂದು ಕೇಳಿದವರು ಅವರು. ನಕ್ಕಿದ್ದನ್ನು ನಾನಂತೂ ನೋಡಿರಲಿಲ್ಲ.

ಅವರ ಬಗ್ಗೆ ಒಂದು ಸುದ್ದಿ ಇತ್ತು. ನಮಗಿಂತ ಹಿಂದಿನ ಹುಡುಗಿಯೊಬ್ಬಳ ಚೀಲದಲ್ಲಿ ಯಾರದೋ ಕಾಗದ ಸಿಕ್ಕಿತಂತೆ, ಮೇಡಂ ಅದನ್ನು ನೇರವಾಗಿ ಅವಳ ಅಪ್ಪನ ಕೈಗೆ ಕೊಟ್ಟರಂತೆ, ಹುಡುಗಿ ಪರೀಕ್ಷೆಗೇ ಕೂರಲಿಲ್ಲವಂತೆ. ಆ ಹುಡುಗಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮನೆ ಯಾವ ಬೀದಿ ಎಂದೂ ಗೊತ್ತಿರಲಿಲ್ಲ. ಆದರೂ ಆ ಸುದ್ದಿಯನ್ನು ನಂಬದವರು ನಮ್ಮ ಕ್ಲಾಸಿನಲ್ಲಿ ಒಬ್ಬರೂ ಇರಲಿಲ್ಲ. ಮೇಡಂ ನಮ್ಮ ಬೀದಿಯಲ್ಲಿ ಹಾದುಹೋದರೆ ಸಾಕು, ಇವತ್ತು ಯಾರ ಮನೆಗೆ ಹೋದರಪ್ಪಾ ಎಂದು ಎಣಿಕೆ ಹಾಕುತ್ತಿದ್ದೆವು.

ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ನೂಲು ಸಾಹುಕಾರರದು, ನೇಯುವುದು ನಮ್ಮಪ್ಪ, ಸೀರೆ ಮತ್ತೆ ಸಾಹುಕಾರರಿಗೆ. ದಿನವೂ ಸೀರೆ ಹುಟ್ಟುತ್ತಿದ್ದ ಮನೆ ಅದು. ಉಡುವುದಕ್ಕೆ ಮಾತ್ರ ಒಂದೂ ನಮ್ಮದಲ್ಲ. ಶನಿವಾರ ಅಪ್ಪ ಗಂಟು ಕಟ್ಟಿಕೊಂಡು ಹೋದರೆ ಸಾಹುಕಾರರು ಒಂದೊಂದನ್ನೂ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ಎಳೆ ತಪ್ಪಿದ್ದರೂ ಬೆಳಕು ಹೇಳಿಬಿಡುತ್ತದೆ. ಅದಕ್ಕೇ ಶೆಲ್ಫಿನ ಮೇಲಿನ ಸೀರೆಯನ್ನು ನಾವು ಮಕ್ಕಳು ಮುಟ್ಟುವಂತಿರಲಿಲ್ಲ.

ನಾನು ಮುಟ್ಟಿದೆ. ಬೀಳ್ಕೊಡುಗೆಗೆ ಅಮ್ಮನ ಮಾಸಿದ ಸೀರೆ ಉಡಲು ಮನಸ್ಸಾಗಲಿಲ್ಲ. ಅವತ್ತು ಸರಸ್ವತಿ ಪೂಜೆಯಲ್ಲಿ ಆರತಿ ಹಿಡಿಯುವವಳು ನಾನೇ ಬೇರೆ. ಶುಕ್ರವಾರ ಉಟ್ಟು, ಅವತ್ತೇ ಸಂಜೆ ಮಡಿಸಿಟ್ಟುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಯೂನಿಫಾರಂ ಹಾಕಿಕೊಂಡು, ಸೀರೆಯನ್ನು ಚೀಲದಲ್ಲಿ ತುರುಕಿಕೊಂಡು, ಗೆಳತಿಯ ಮನೆಗೆ ಹೋದೆ. ಅವಳಕ್ಕ ಉಡಿಸಿದಳು, ಯೂನಿಫಾರಂ ಚೀಲಕ್ಕೆ ಹೋಯಿತು. ಪಿನ್ನು ಬೇಡ ಎಂದೆ. ನೇಕಾರರ ಮನೆಯವಳಿಗೆ ಅಷ್ಟು ತಿಳಿದಿತ್ತು.

"ಪಿನ್ ಇಲ್ದೆ ಸಂಜೆ ತನಕ ನಿಲ್ಲುತ್ತೇನೇ, ಪೆದ್ದಿ?" ಎಂದು ಹೆಗಲಿಗೊಂದು, ನೆರಿಗೆಗೊಂದು ಚುಚ್ಚಿಯೇಬಿಟ್ಟಳು.

ಶಾಲೆಯ ಗೇಟಿನಲ್ಲೇ ಮೇಡಂ ನಿಂತಿದ್ದರು. ಎಲ್ಲ ಹುಡುಗಿಯರ ಸೆರಗನ್ನೂ ಮುಟ್ಟಿ ಬಿಡುತ್ತಿದ್ದವರು ನನ್ನದನ್ನು ಬಿಡಲಿಲ್ಲ. ಅಂಚನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದರು.

"ಯಾರದು ಸೀರೆ?"

"ನಮ್ಮನೇದೇ ಮೇಡಂ."

"ನೀರೇ ಕಂಡಿಲ್ಲ ಇದು," ಎಂದು ಕನ್ನಡಕದ ಮೇಲಿಂದ ನೋಡಿದರು. ಅಷ್ಟೆ. ನಾನು ಸೆರಗು ಬಿಡಿಸಿಕೊಂಡು ಒಳಗೆ ನಡೆದೆ.

ಅವತ್ತಿಡೀ ದಿನ ಅವರು ನನ್ನ ಬೆನ್ನು ಬಿಡಲಿಲ್ಲ. ಸರಸ್ವತಿಯ ಪಟದ ಮುಂದೆ ನಮ್ಮೆಲ್ಲರ ಪೆನ್ನು, ಹಾಲ್ ಟಿಕೆಟ್ಟು ರಾಶಿ ಹಾಕಿ ಪೂಜೆ ಮಾಡಿದ್ದರು. ಆರತಿ ತಟ್ಟೆ ಇನ್ನೇನು ನನ್ನ ಕೈಗೆ ಬರಬೇಕು, ಮೇಡಂ ನಡುವೆ ಬಂದು ತಟ್ಟೆಯನ್ನು ಪಕ್ಕದ ಹುಡುಗಿಗೆ ಕೊಟ್ಟರು. ಎಣ್ಣೆಯ ತಟ್ಟೆ ಅದು. ಆಗ ಎಣ್ಣೆ ನನ್ನ ಕಣ್ಣಿಗೆ ಬೀಳಲಿಲ್ಲ. ಕದ್ದವಳ ಕೈಯಲ್ಲಿ ಆರತಿ ಬೇಡವೆಂದರು ಎಂದುಕೊಂಡೆ. ಕುಂಕುಮ ಹಚ್ಚಲು ಬಂದವಳನ್ನೂ ತಡೆದು, ತಾವೇ ಹಣೆಗೆ ಚುಕ್ಕಿಯಷ್ಟು ಇಟ್ಟರು. ಒಂಬತ್ತನೇ ತರಗತಿಯವರು ಪುಳಿಯೋಗರೆ, ಕೇಸರಿಬಾತು ಬಡಿಸುತ್ತಿದ್ದರೆ ನನ್ನನ್ನು ಹೊಲಿಗೆ ಕೋಣೆಗೆ ಕರೆದು ಎರಡು ಬಾಳೆಹಣ್ಣು ಕೊಟ್ಟು ಕೂರಿಸಿದರು. ಹುಡುಗರು ಕಾರಿಡಾರಿನಲ್ಲಿ ಒಬ್ಬರ ಅಂಗಿಗೊಬ್ಬರು ಇಂಕು ಚಿಮುಕಿಸುತ್ತಿದ್ದರು. ನೋಡಲು ಇಣುಕಿದರೆ ರಟ್ಟೆ ಹಿಡಿದು ಒಳಗೆಳೆದರು.

"ಏನೇ, ಅರೆಸ್ಟ್ ಮಾಡವ್ರಾ ನಿನ್ನ?" ಎಂದು ಗೆಳತಿ ಕಿಟಕಿಯಿಂದ ಕೇಳಿದಳು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಅತಿಥಿಗಳು ಬಂದರು. ಶಾಲೆಗೆ ಗೋಡೆ ಗಡಿಯಾರ ಕೊಡುವ ದಾನಿಗಳು ಎಂದಷ್ಟೇ ನಮಗೆ ಹೇಳಿದ್ದರು. ಕಾರಿನಿಂದ ಇಳಿದವರು ನಮ್ಮ ಸಾಹುಕಾರರು.

ಅವರದೇ ಸೀರೆ ಉಟ್ಟುಕೊಂಡು ನಾನು ಅವರೆದುರಿಗೆ ನಿಂತಿದ್ದೆ. ಗುರುತು ಹಿಡಿದರೆ ಅಪ್ಪನ ಮಗ್ಗ ಅವತ್ತೇ ನಿಂತ ಹಾಗೆ. ಅಷ್ಟರಲ್ಲಿ ಮೇಡಂ ನನ್ನ ಭುಜ ಹಿಡಿದು, ಗ್ರೂಪ್ ಫೋಟೋಗೆ ಹಾಕಿದ್ದ ಬೆಂಚಿನ ಕೊನೇ ಸಾಲಿಗೆ ಹತ್ತಿಸಿ, ಉದ್ದನೆಯ ಹುಡುಗಿಯರಿಬ್ಬರ ಹಿಂದೆ ನಿಲ್ಲಿಸಿದರು. ಆಮೇಲೆ ಕೆಳಗಿಳಿದು ಹೋಗಿ ಸಾಹುಕಾರರ ಪಕ್ಕ ಬಾಗಿ ಏನೋ ಹೇಳಿದರು. ಸಾಹುಕಾರರು ತಲೆಯೆತ್ತಿ ನಮ್ಮ ಸಾಲಿನ ಕಡೆ ನೋಡಿದರು... ಆ ನೋಟ ನನಗೆ ಇವತ್ತಿಗೂ ನೆನಪಿದೆ. ಹೇಳಿಬಿಟ್ಟರು, ಮುಗಿಯಿತು ಎಂದುಕೊಂಡೆ. ಆ ಫೋಟೋದಲ್ಲಿ ನನ್ನ ಕತ್ತಿನಿಂದ ಮೇಲೆ ಮಾತ್ರ ಇದೆ, ಅದೂ ಅಳುಮುಖ. ಎಲ್ಲರೂ ಅಳುತ್ತಿದ್ದರಿಂದ ಯಾರೂ ಏನೂ ಕೇಳಲಿಲ್ಲ.

ಭಾಷಣ ಮುಗಿದು ಸಾಹುಕಾರರ ಕಾರು ಹೊರಟ ಮೇಲೆ ಮೇಡಂ ನನ್ನನ್ನು ಮತ್ತೆ ಹೊಲಿಗೆ ಕೋಣೆಗೆ ಕರೆದು ಚಿಲಕ ಹಾಕಿದರು. ಸೀರೆ ಬಿಚ್ಚಿ ಯೂನಿಫಾರಂ ಹಾಕಿಕೋ ಎಂದು ಆ ಕಡೆ ತಿರುಗಿ ನಿಂತರು. ನೆರಿಗೆಯ ಪಿನ್ನನ್ನು ನಾನು ಆಗಲೇ ಕಿತ್ತು ಮುಷ್ಟಿಯಲ್ಲಿ ಅಡಗಿಸಿಕೊಂಡೆ. ಹೆಗಲಿನದು ಅವರ ಕಣ್ಣಿಗೆ ಬಿದ್ದಾಗಿತ್ತು.

ಸೀರೆಯನ್ನು ಮೇಜಿನ ಮೇಲೆ ಹರಡಿ, ಹೆಗಲಿನ ತೂತಿನ ಸುತ್ತ ಉಗುರಿನಿಂದ ಎಳೆಗಳನ್ನು ಒಂದೊಂದೇ ಸರಿಸಿ ಸರಿಸಿ ಕೂಡಿಸಿದರು. ನಮ್ಮಪ್ಪ ಮಗ್ಗದ ಮೇಲೆ ಮಾಡುತ್ತಿದ್ದ ಹಾಗೇ. ಅವರೂ ನೇಕಾರರ ಮನೆಯವರೇ ಇರಬೇಕೆಂದು ಆಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಪ್ಪಿನ ಪಟ್ಟಿ ಮಾಡುತ್ತಿದ್ದಾರೆ ಎಂದಷ್ಟೇ ಅನ್ನಿಸಿತು.

"ಸಾಹುಕಾರ್ರಿಗೆ ಕೊಡೋ ಸೀರೆಗೆ ಪಿನ್ ಹಾಕ್ತಾರೇನಮ್ಮಾ ಯಾರಾದ್ರೂ?" ಎಂದರು. ಆಮೇಲೆ, "ಇನ್ನೆಲ್ಲಾದ್ರೂ ಹಾಕಿದೀಯಾ?"

"ಇಲ್ಲ ಮೇಡಂ."

"ನೆರಿಗೆಗೆ?"

"ಇಲ್ಲ ಮೇಡಂ, ಸುಮ್ನೆ ಸಿಕ್ಕಿಸಿದ್ದೆ."

"ನಿಜ ಹೇಳು."

"ದೇವ್ರಾಣೆ ಮೇಡಂ."

ಮುಷ್ಟಿಯೊಳಗೆ ಪಿನ್ನು ಚುಚ್ಚುತ್ತಿತ್ತು. ಒಂದು ಪಿನ್ನಿನ ಸುದ್ದಿ ಮನೆಗೆ ಹೋದರೆ ಹೇಗೋ ಆಗುತ್ತದೆ, ಎರಡರದು ಹೋದರೆ ಅಪ್ಪ ನನ್ನನ್ನು ಉಳಿಸುತ್ತಾರೆಯೇ ಎಂಬುದು ನನ್ನ ಲೆಕ್ಕ. ಅವರು ಮತ್ತೆ ಕೇಳಲಿಲ್ಲ. ಇಸ್ತ್ರಿ ಹಾಕಿ, ಮೊದಲಿನ ಮಡಿಕೆಯನ್ನೇ ಹಿಡಿದು ಮಡಿಸಿ, ಪೇಪರಿನಲ್ಲಿ ಸುತ್ತಿ ಕೊಟ್ಟರು. ಚೆನ್ನಾಗಿ ಓದಿ ಬರಿ ಎಂದರು. ಅದು ಆಶೀರ್ವಾದವೋ ಎಚ್ಚರಿಕೆಯೋ ಗೊತ್ತಾಗದೆ ಓಡಿಬಂದೆ. ಸೀರೆ ಶೆಲ್ಫಿನ ಮೇಲೆ ಮತ್ತೆ ತನ್ನ ಜಾಗಕ್ಕೆ ಹೋಯಿತು.

ಕೊನೇ ಪರೀಕ್ಷೆ ಬರೆದು ಮನೆಗೆ ಬಂದ ದಿನ ಬೀದಿಯ ತುದಿಯಿಂದಲೇ ಏನೋ ಕಡಿಮೆಯಾದಂತೆ ಕೇಳಿಸಿತು. ಅಕ್ಕಪಕ್ಕದ ಮಗ್ಗಗಳೆಲ್ಲ ಓಡುತ್ತಿದ್ದವು, ನಮ್ಮವು ನಿಂತಿದ್ದವು. ಸಾಹುಕಾರರು ನೂಲು ಕೊಡುವುದನ್ನು ನಿಲ್ಲಿಸಿ ಆಗಲೇ ಎಷ್ಟೋ ದಿನವಾಗಿತ್ತು. ಮೊದಲೇ ಕೊಟ್ಟಿದ್ದ ನೂಲು ಮುಗಿಯುವ ತನಕ ಮಗ್ಗ ಓಡಿಸಿ, ನನ್ನ ಪರೀಕ್ಷೆಗೆ ತೊಂದರೆಯಾದೀತೆಂದು ಬಾಯಿ ಬಿಟ್ಟಿರಲಿಲ್ಲ ಅಪ್ಪ. ನೀನು ಸೀರೆ ಉಟ್ಟಿದ್ದು ಸಾಹುಕಾರರಿಗೆ ಗೊತ್ತಾಗಿಹೋಯಿತು ಎಂದು ಅಮ್ಮ ಅಷ್ಟೇ ಹೇಳಿದಳು. ಹೇಗೆ ಎಂದು ನಾನು ಕೇಳಲಿಲ್ಲ. ಕೇಳುವುದಕ್ಕೇನಿತ್ತು? ಬಾಗಿ ಏನೋ ಹೇಳಿದ್ದನ್ನು ಕಣ್ಣಾರೆ ನೋಡಿದ್ದೆನಲ್ಲ. ಅಪ್ಪ ಬಯ್ಯಲಿಲ್ಲ. ಕೊಡುವ ಸೀರೆ ಉಡುವವರ ಮನೆ ಎಂಬ ಮಾತು ಬೀದಿಯಿಂದ ಬೀದಿಗೆ ಹೋಗಿ ಬೇರೆ ಸಾಹುಕಾರರೂ ನೂಲು ಕೊಡಲಿಲ್ಲ. ಆ ಬೇಸಿಗೆಯಲ್ಲೇ ಮಗ್ಗಗಳನ್ನು ಮಾರಿ ನಾವು ನೆಲಮಂಗಲಕ್ಕೆ ಬಂದೆವು. ಅಪ್ಪ ಹೆದ್ದಾರಿ ಪಕ್ಕದ ಗೋಡೌನೊಂದರಲ್ಲಿ ಲಾರಿಗೆ ಏರಿಸುವ ಮಾಲಿನ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು, ಸಾಯುವ ತನಕ ಅಲ್ಲೇ ಇದ್ದರು. ಮಗ್ಗದ ಮಾತು ಬಂದರೆ ಎದ್ದುಹೋಗುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಒಂದು ಮದುವೆಗೆ ದೊಡ್ಡಬಳ್ಳಾಪುರಕ್ಕೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕಿದರು. ಕೊರಳಲ್ಲಿ ಟೇಪು ಇರಲಿಲ್ಲ, ಕೂದಲು ಪೂರಾ ಬೆಳ್ಳಗಾಗಿತ್ತು. ದೂರದಿಂದಲೇ ನನ್ನ ಸೆರಗು ನೋಡಿ, ಆಮೇಲೆ ಮುಖ ನೋಡಿದರು.

"ಚೆನ್ನಾಗಿದೀಯೇನಮ್ಮಾ? ಅಪ್ಪ ಹೆಂಗವ್ರೆ?"

ಅಪ್ಪನ ಹೆಸರೆತ್ತಲು ಇವರಿಗೆ ಎಷ್ಟು ಧೈರ್ಯ ಎಂದುಕೊಂಡೆ. ಕೇಳಿಸದವಳಂತೆ ಸಿಕ್ಕಿದ ಬಸ್ಸು ಹತ್ತಿದೆ. ಅದು ನೆಲಮಂಗಲದ ಬಸ್ಸೇ ಅಲ್ಲ. ಹಿಂದಿನ ಗಾಜಿನಲ್ಲಿ ಅವರು ಅಲ್ಲೇ ನಿಂತಿದ್ದರು... ಎರಡು ವರ್ಷದ ಹಿಂದೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಹೊಲಿಗೆ ಮೇಡಂ ತೀರಿಕೊಂಡರು ಎಂದು ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಅದನ್ನೂ ಹಾಕಲಿಲ್ಲ.

ಈಗ ಅಮ್ಮನ ಮಡಿಲಲ್ಲಿ ಆ ಸೀರೆ. ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದೆ.

"ವಾಪಸ್ ಕೊಟ್ರಲ್ಲ ಸಾಹುಕಾರ್ರು. ಬೆಳಕಿಗೆ ಹಿಡಿದು ತೋರ್ಸಿದ್ರಂತೆ ನಿಮ್ಮಪ್ಪಂಗೆ. ನೆರಿಗೆ ಹತ್ರ ಎರಡು ತೂತು. ಉಟ್ಟ ಸೀರೆ ನಂಗ್ಯಾಕಪ್ಪಾ ಅಂದ್ರಂತೆ."

"ಹೊಲಿಗೆ ಮೇಡಂ ಹೇಳಿದ್ದಲ್ವಾ?"

"ಅವ್ರ್ಯಾಕೆ ಹೇಳ್ತಾರೆ? ಅವ್ರಿಗೇನು ಗೊತ್ತು ಪಾಪ," ಎಂದಳು ಅಮ್ಮ, ಮಡಿಕೆ ಬಿಡಿಸುತ್ತಾ.

ಸೀರೆಯನ್ನು ತೆಗೆದುಕೊಂಡು ಕಿಟಕಿಗೆ ಹೋದೆ. ನೆರಿಗೆಯ ಜಾಗದಲ್ಲಿ, ಪಿನ್ನು ಹೊಕ್ಕ ಕಡೆ ಒಂದು, ಹೊರಬಂದ ಕಡೆ ಒಂದು, ದಿನವಿಡೀ ಜಗ್ಗಿ ಅಗಲವಾದ ಎರಡು ತೂತು. ಒಂದೊಂದರಲ್ಲೂ ರಾಗಿಕಾಳಿನಷ್ಟು ಬೆಳಕು. ಹೆಗಲಿನ ಜಾಗವನ್ನು ತಿರುಗಿಸಿ ತಿರುಗಿಸಿ ಹಿಡಿದೆ. ಬೆರಳಿಟ್ಟು ಉಜ್ಜಿ ನೋಡಿದೆ. ಎಲ್ಲಿತ್ತೆಂದೇ ಸಿಗಲಿಲ್ಲ. ನಿಜ ಹೇಳು ಎಂದಿದ್ದರು. ಹೇಳಿದ್ದರೆ ಇದನ್ನೂ ಹಾಗೇ ಮುಚ್ಚುತ್ತಿದ್ದರು, ಎರಡು ನಿಮಿಷದ ಕೆಲಸ. ಅವತ್ತು ಸಾಹುಕಾರರ ಕಿವಿಯಲ್ಲಿ ಏನು ಹೇಳಿದರೋ ಇನ್ನು ನನಗೆ ಗೊತ್ತಾಗುವುದಿಲ್ಲ. ಕಾಫಿ ತಗೊಳ್ಳಿ ಅಂದಿದ್ದರೂ ಅಂದಿರಬಹುದು.

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಸೀರೆ ಉಡಿಸುವಾಗ ಮಗಳು ಪಿನ್ನಿನ ಡಬ್ಬಿ ಹಿಡಿದು ನಿಂತಳು. ಹಾಕಬಹುದಾ ಎಂದು ಕೇಳಿದಳು.

"ಎಲ್ಲಿ ಬೇಕಾದ್ರೂ ಹಾಕ್ಕೋ, ಇದು ನಮ್ದೇ," ಎಂದೆ. "ಹೆಗಲಿಗೆ ಮಾತ್ರ ಬೇಡ."

ಯಾಕೆ ಎಂದು ಕೇಳಿದಳು. ಸೆರಗನ್ನು ಅವಳ ಹೆಗಲ ಮೇಲೆ ಹಾಗೇ ಬಿಟ್ಟು, ಆ ಜಾಗವನ್ನು ಒಂದು ಸಲ ಸವರಿದೆ. ಬಸ್ಸಿಗೆ ಹೊತ್ತಾಗಿತ್ತು.